ನಮ್ಮ ಧೂಳಿನ ಊರಿಗೆ ಎಂಥ ಕಾರ್ಪೆಟ್, ಅದನ್ನ ಎಲ್ಲಿ ಹಾಸಬೇಕು

ಬಳ್ಳಾರಿಯಲ್ಲಿ ಹಾಲ್‌ಗೆ ಕಾರ್ಪೆಟ್ ತರೋಣ ಅಂದರೆ ಮನೆಯಲ್ಲಿ ಮೊದಲು ಬರುವ ಮಾತು, "ಈ ಧೂಳಲ್ಲಿ ಅದೆಲ್ಲ ಯಾಕೆ?" ಕೇಳುವುದರಲ್ಲಿ ತಪ್ಪಿಲ್ಲ. ಸಂಡೂರು, ತೋರಣಗಲ್ಲು ಕಡೆ ಕೆಂಪು ಧೂಳು, ಸಿಂಧನೂರು ಕಡೆ ಎರೆಮಣ್ಣು, ಗಂಗಾವತಿಯಲ್ಲಿ ರೈಸ್ ಮಿಲ್ಲಿನ ತೌಡು. ಬೆಳಿಗ್ಗೆ ಒರೆಸಿದ ಟೈಲ್ಸ್ ಮೇಲೆ ಸಂಜೆಗೆ ಹೆಜ್ಜೆ ಗುರುತು ಕಾಣುತ್ತದೆ. ಆದರೂ ಧೈರ್ಯವಾಗಿ ಹಾಸಬಹುದು. ಕಾರ್ಪೆಟ್ ದೊಡ್ಡದಿರಬೇಕು, ತೆಳ್ಳಗಿರಬೇಕು, ಇಬ್ಬರು ಸೇರಿ ಎತ್ತಿ ಹೊರಗೆ ಕೊಡವುವಂತಿರಬೇಕು, ಅಷ್ಟೇ. ಹೆಚ್ಚಿನವರು ಇದಕ್ಕೆ ಪೂರ್ತಿ ಉಲ್ಟಾ ತರುತ್ತಾರೆ: ಚಿಕ್ಕದು, ದಪ್ಪದ್ದು, ಮೆತ್ತನೆ ಕೂದಲಿನದ್ದು.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಸೋಫಾ ಅಳೆಯಿರಿ. ಮೂರು ಸೀಟಿನ ಸೋಫಾ ಸಾಮಾನ್ಯವಾಗಿ ಆರೂವರೆಯಿಂದ 7 ಅಡಿ ಇರುತ್ತದೆ. ಕಾರ್ಪೆಟ್ ಅದರ ಎರಡೂ ಬದಿಯಿಂದ ಅರ್ಧ ಅಡಿಯಾದರೂ ಆಚೆ ಬಂದರೆ ಚೆಂದ. ಅಂದರೆ ಉದ್ದ 8 ಅಡಿ ಬೇಕೇ ಬೇಕು. ಇನ್ನು ಅಗಲ ನೋಡಿ. ಸೋಫಾದ ಮುಂದಿನ ಕಾಲು ಕಾರ್ಪೆಟ್ ಮೇಲೆ ಕೂರಬೇಕು, ಅದಕ್ಕೆ 8 ಇಂಚು ಸೋಫಾದ ಕೆಳಗೆ ಹೋಯಿತು. ಸೋಫಾಕ್ಕೂ ಟೀಪಾಯಿಗೂ ನಡುವೆ ಕಾಲು ಚಾಚಲು 16 ಇಂಚು. ಟೀಪಾಯಿ ಅಗಲ 2 ಅಡಿ. ಕೂಡಿಸಿದರೆ ಇಲ್ಲಿಗೇ 4 ಅಡಿ ಮುಗಿಯಿತು. ಎದುರಿನ ಕುರ್ಚಿಗಳ ಮುಂದಿನ ಕಾಲೂ ಮೇಲೆ ಬರಬೇಕಾದರೆ ಇನ್ನೂ 2 ಅಡಿ ಬೇಕು, ಅಲ್ವಾ? ಹಾಗಾಗಿ ಅಂಗಡಿಯವರು ಮೊದಲು ಬಿಚ್ಚಿ ತೋರಿಸುವ 4 ಅಡಿಗೆ 6 ಅಡಿಯದು ಟೀಪಾಯಿಗೆ ಮಾತ್ರ ಸಾಕಾಗುತ್ತದೆ, ಕುರ್ಚಿ ಬರಿ ನೆಲದ ಮೇಲೇ ಉಳಿಯುತ್ತವೆ. 10ಕ್ಕೆ 12 ಅಡಿಯ ಹಾಲ್ ಆದರೆ 5ಕ್ಕೆ 8 ಸಾಕು, ಆಗ ಕುರ್ಚಿಗಳನ್ನು ಹೊರಗಿಟ್ಟರೂ ನಡೆಯುತ್ತದೆ. 12ಕ್ಕೆ 15 ಇದ್ದರೆ 6ಕ್ಕೆ 9 ತಗೊಳ್ಳಿ. ಅದಕ್ಕಿಂತ ದೊಡ್ಡ ಹಾಲ್‌ಗೆ 8ಕ್ಕೆ 10. ಗೋಡೆಗೂ ಕಾರ್ಪೆಟ್‌ಗೂ ನಡುವೆ ಒಂದು ಅಡಿಯಾದರೂ ನೆಲ ಕಾಣಲಿ. ಗೋಡೆಗೆ ಅಂಟಿಸಿದರೆ ಮೂಲೆಯಲ್ಲಿ ಕಸಬರಿಗೆ ಆಡುವುದಿಲ್ಲ.

ಲೆಕ್ಕ ತಲೆಗೆ ಹತ್ತದಿದ್ದರೆ ಡಬಲ್ ಬೆಡ್‌ಶೀಟ್ ತಗೊಳ್ಳಿ. 90 ಇಂಚಿಗೆ 100 ಇಂಚಿನದು ಅಂದರೆ ಸುಮಾರು ಏಳೂವರೆಗೆ 8 ಅಡಿ ಚಿಲ್ಲರೆ. ಬೇಕಾದ ಅಳತೆಗೆ ಮಡಚಿ ನೆಲದ ಮೇಲೆ ಹಾಸಿ, ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಹಾಗೇ ಬಿಡಿ. ಮುಂಬಾಗಿಲಿನಿಂದ ಅಡುಗೆಮನೆಗೆ ಮಂದಿ ಓಡಾಡುವ ದಾರಿ ಎಲ್ಲಿದೆ ಅಂತ ತಾನಾಗೇ ಗೊತ್ತಾಗುತ್ತದೆ. ಆ ದಾರಿ ಕಾರ್ಪೆಟ್‌ನ ಅಂಚಿನ ಮೇಲೇ ಹಾದು ಹೋಗುತ್ತಿದ್ದರೆ ಕಾರ್ಪೆಟ್ ಸರಿಸಿ. ದಾರಿ ಪೂರ್ತಿ ಹೊರಗಿರಲಿ, ಇಲ್ಲವೇ ಪೂರ್ತಿ ಒಳಗಿರಲಿ. ಅಂಚಿನ ಮೇಲೆ ದಾರಿ ಬಿದ್ದರೆ ವಯಸ್ಸಾದವರು ಎಡವುತ್ತಾರೆ. ಬಾಗಿಲು ತೆರೆಯುವ ಜಾಗವನ್ನೂ ನೋಡಿಕೊಳ್ಳಿ.

ದಿವಾನ ಇರುವ ಮನೆಯಲ್ಲಿ ಸೋಫಾ ಮತ್ತು ದಿವಾನ ಕೂಡುವ ಮೂಲೆಗೆ ಕಾರ್ಪೆಟ್‌ನ ಮೂಲೆ ಹೊಂದಿಸಿ. ದಿವಾನದ ಕೆಳಗೆ ತಳ್ಳುವುದು ಬೇಡ, ಅಲ್ಲಿ ಸುಮ್ನೆ ಧೂಳು ಕೂರುತ್ತದೆ. ಉಯ್ಯಾಲೆ ಇದ್ದರೆ ಸ್ವಲ್ಪ ಯೋಚನೆ ಮಾಡಬೇಕು. ತೂಗುವಾಗ ಕಾಲು ನೆಲಕ್ಕೆ ಒತ್ತುವ ಕಡೆ ಕಾರ್ಪೆಟ್‌ನ ಅಂಚು ಬಂದರೆ ಅದು ದಿನಾ ಸುರುಳಿ ಸುತ್ತುತ್ತದೆ, ಕೊನೆಗೆ ದಾರ ಬಿಡುತ್ತದೆ. ಉಯ್ಯಾಲೆಯನ್ನೂ ಅದರ ತೂಗುವ ಜಾಗವನ್ನೂ ಬಿಟ್ಟು ಹಾಸಿ.

ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯವಾದದ್ದು ಕೂಲರ್. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತದೆ, ರಾಯಚೂರಿನಲ್ಲಂತೂ ಕೇಳಲೇಬೇಡಿ, ಕೂಲರ್ ಹಗಲೂ ರಾತ್ರಿ ಓಡುತ್ತದೆ. ಅದರಿಂದ ನೀರು ಜಿನುಗುತ್ತದೆ, ತುಂಬಿಸುವಾಗ ಚೆಲ್ಲುತ್ತದೆ. ತಳ ಒದ್ದೆಯಾದ ಕಾರ್ಪೆಟ್ ಮೇಲಿಂದ ಒಣಗಿದಂತೆ ಕಂಡರೂ ಒಳಗೆ ಮುಗ್ಗು ವಾಸನೆ ಹಿಡಿಯುತ್ತದೆ. ಕೂಲರ್‌ನಿಂದ 3 ಅಡಿ ದೂರ ಇಡಿ. ಶಹಾಬಾದ್ ಕಲ್ಲು, ಕಡಪ ಕಲ್ಲಿನ ನೆಲ ಇರುವವರು ಬೇಸಿಗೆಯಲ್ಲಿ ಕಾರ್ಪೆಟ್ ಸುತ್ತಿಟ್ಟರೂ ಸರಿಯೇ. ಆ ತಣ್ಣನೆಯ ನೆಲದ ಮೇಲೆ ಮಧ್ಯಾಹ್ನ ಮಲಗುವ ಸುಖವನ್ನು ಯಾವ ಕಾರ್ಪೆಟ್ಟೂ ಕೊಡುವುದಿಲ್ಲ. ಸುತ್ತಿಡಿ, ಮಡಚಬೇಡಿ. ಉಣ್ಣೆಯದಾದರೆ ಒಣಗಿದ ಬೇವಿನ ಸೊಪ್ಪು ಇಲ್ಲವೇ ನುಸಿಗುಳಿಗೆ ಹಾಕಿ.

ಈಗ ಬಟ್ಟೆಯ ವಿಷಯ. ನನ್ನನ್ನು ಕೇಳಿದರೆ ಹತ್ತಿಯ ಜಮಖಾನೆಯೇ ನಮ್ಮ ಊರಿಗೆ ಸರಿ. ಕೂದಲಿಲ್ಲ, ಹಾಗಾಗಿ ಧೂಳು ಆಳಕ್ಕೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಎರಡೂ ಬದಿ ಒಂದೇ ಥರ ಇರುತ್ತದೆ, ತಿರುಗಿಸಿ ಹಾಸಬಹುದು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ಜಿಐ ಟ್ಯಾಗ್, ಅಂದರೆ ಇದು ಆ ಊರಿನದ್ದೇ ಮಾಲು ಅನ್ನುವ ಸರ್ಕಾರಿ ಗುರುತು, ಇದೆ. ಅಲ್ಲಿ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುತ್ತಾರೆ, ನವಿಲು ಮತ್ತು ಪಗಡೆಯ ವಿನ್ಯಾಸ ಅದರ ಗುರುತು. ಬೆಲೆ ಮಷಿನ್ ಮಾಲಿಗಿಂತ ಜಾಸ್ತಿ. ಆದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಆ ಗಟ್ಟಿತನ, ಆ ಬಣ್ಣ ಬೇರೆಯೇ. ನಮ್ಮಲ್ಲೇ ಸಿಗುವ ಕುರಿ ಉಣ್ಣೆಯ ಕರಿ ಕಂಬಳಿಯನ್ನು ಜಮಖಾನೆಯ ಮೇಲೆ ಅಡ್ಡ ಹಾಸಿದರೂ ಹಾಲ್‌ಗೆ ಒಂದು ಕಳೆ ಬರುತ್ತದೆ. ಹುಣಸೆ ಬೀಜದ ಗಂಜಿ ಹಾಕಿದ ಹೊಸ ಕಂಬಳಿ ಚುಚ್ಚುತ್ತದೆ, ಅಂಬೆಗಾಲಿಡುವ ಮಗು ಇದ್ದರೆ ಬೇಡ.

ಸೆಣಬಿನದು ನೋಡಲು ಚೆಂದ, ಒದ್ದೆಯಾದರೆ ಕಂದು ಕಲೆ ಬೀಳುತ್ತದೆ. ವಿಸ್ಕೋಸ್ ಅನ್ನುವ ರೇಷ್ಮೆಯಂಥ ಕೃತಕ ದಾರ ಮಿರಮಿರ ಮಿಂಚುತ್ತದೆ, ನೀರು ತಾಗಿದರೆ ಹಾಳು. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ದಾರದ್ದು ಅಗ್ಗ, ಕಲೆ ಬೇಗ ಹೋಗುತ್ತದೆ, ಮಕ್ಕಳ ಮನೆಗೆ ಪರವಾಗಿಲ್ಲ. ತಳಕ್ಕೆ ರಬ್ಬರ್ ಅಂಟಿಸಿದ ಅಗ್ಗದ ಮಾಲು ಮಾತ್ರ ನಮ್ಮ ಬಿಸಿಲಿಗೆ ಆಗಿ ಬರುವುದಿಲ್ಲ. ವರ್ಷ ಕಳೆದಂತೆ ರಬ್ಬರ್ ಪುಡಿಯಾಗಿ ಟೈಲ್ಸ್‌ಗೆ ಹಿಡಿಯುತ್ತದೆ. ಜಾರದಿರಲು ಬೇರೆಯಾಗಿ ಸಿಗುವ ಜಾಲರಿ ಮ್ಯಾಟ್ ತಂದು, ಕಾರ್ಪೆಟ್‌ಗಿಂತ ಸುತ್ತಲೂ ಒಂದು ಇಂಚು ಚಿಕ್ಕದಾಗಿ ಕತ್ತರಿಸಿ ಕೆಳಗೆ ಹಾಸಿ. ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಇದು ಬೇಕೇ ಬೇಕು.

"ಇದು ಪ್ಯೂರ್ ಉಣ್ಣೆ" ಅಂತ ಅಂಗಡಿಯವರು ಹೇಳಿದರೆ ಅಂಚಿನಿಂದ ಒಂದು ಎಳೆ ಕೇಳಿ ತಗೊಳ್ಳಿ, ಹೊರಗೆ ಬಂದು ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ. ಹತ್ತಿ ಕಾಗದ ಸುಟ್ಟಂತೆ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪ್ಲಾಸ್ಟಿಕ್ ದಾರ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಗೇ ಒದ್ದೆ ಬಿಳಿ ಕರ್ಚೀಫಿನಿಂದ ಕಡು ಬಣ್ಣದ ಮೇಲೆ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಬಿಟ್ಟು ಬನ್ನಿ.

ಬಣ್ಣ ಆರಿಸುವಾಗ ನಿಮ್ಮ ಹೊಸ್ತಿಲ ಮೇಲೆ ಕೂರುವ ಧೂಳನ್ನು ನೋಡಿ. ಬಳ್ಳಾರಿ ಕಡೆ ಇಟ್ಟಿಗೆ ಕೆಂಪು, ಮರೂನ್, ಕಂದು. ಎರೆಭೂಮಿ ಕಡೆ ಬೂದು, ಕಪ್ಪು ಬಿಳುಪು ಬೆರೆತದ್ದು. ತುಂಬು ವಿನ್ಯಾಸ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಬಣ್ಣದ ಕಾರ್ಪೆಟ್ ಮೇಲೆ ಚಹಾದ ಒಂದು ಹನಿಯೂ ಎದ್ದು ಕಾಣುತ್ತದೆ. ಬಿಸಿಲು ಬೀಳುವ ಕಿಟಕಿ ಇದ್ದರೆ ಆರು ತಿಂಗಳಿಗೊಮ್ಮೆ ತಲೆ ಬದಿ ಕಾಲ ಬದಿಗೆ ಬರುವಂತೆ ತಿರುಗಿಸಿ, ಬಣ್ಣ ಒಂದೇ ಕಡೆ ಮಾಸುವುದಿಲ್ಲ.

ವಾರಕ್ಕೊಮ್ಮೆ ಎತ್ತಿ ಕಾಂಪೌಂಡ್ ಮೇಲೆ ಹಾಕಿ ಹಿಂಬದಿಯಿಂದ ಕೋಲಿನಲ್ಲಿ ಬಡಿಯಿರಿ, ಕೆಳಗಿನ ನೆಲವನ್ನೂ ಒರೆಸಿ ಒಣಗಿಸಿ. ಮಿರ್ಚಿಯ ಎಣ್ಣೆ ಬಿದ್ದರೆ ತಕ್ಷಣ ಮೈದಾ ಉದುರಿಸಿ ಅರ್ಧ ಗಂಟೆ ಬಿಟ್ಟು ಗುಡಿಸಿ. ಚಹಾ ಬಿದ್ದರೆ ಒಣ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಜಮಖಾನೆ ತೊಳೆಯುವಾಗ ಕೊನೆಯ ನೀರು ನಳದ್ದಾಗಿರಲಿ. ಬೋರ್‌ವೆಲ್‌ನ ಗಡಸು ನೀರು ಒಣಗಿದ ಮೇಲೆ ಬಿಳಿ ಗೆರೆ ಬಿಡುತ್ತದೆ. ಒಂದೇ ಹಗ್ಗಕ್ಕೆ ಹಾಕಿದರೆ ಭಾರಕ್ಕೆ ಜಗ್ಗುತ್ತದೆ, ಎರಡು ಹಗ್ಗಕ್ಕೆ ಹಂಚಿ ನೆರಳಲ್ಲಿ ಒಣಗಿಸಿ.