ಶೀಟು ಮಾಡು ಹಾರದಂತೆ ಕಟ್ಟಿದ್ದು: ನನ್ನ ಅನುಭವ

ನಮ್ಮ ಉಡುಪಿ, ಕಾಪು ಕಡೆ ತಾರಸಿ ಸೋರುತ್ತದೆ ಅಂತ ಮೇಲೊಂದು ಶೀಟು ಮಾಡು (ತಗಡಿನ ಛಾವಣಿ) ಹಾಕಿಸುವುದು ಮಾಮೂಲು. ಅದೇ ನನ್ನ ಕೆಲಸ. ಅಂಚಿಗೆ ಎರಡು ಪಟ್ಟು ಸ್ಕ್ರೂ ಬೇಕು ಅಂದಾಗ ಸುಮ್ನೆ ಖರ್ಚು ಅಂದವರೇ ಜಾಸ್ತಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದು ಹೋಯಿತಲ್ಲ, ಆ ಗಾಳಿಗೆ ನಾನು ಕಟ್ಟಿದ ಮಾಡುಗಳಲ್ಲಿ ಒಂದು ಶೀಟೂ ಕದಲಲಿಲ್ಲ. ಈಗ ಅವರೇ ಹಾಗೆ ಹಾಕಿ ಅಂತ ಕೇಳುತ್ತಾರೆ.

ಗಾಳಿ ಶೀಟನ್ನು ತಳ್ಳುತ್ತದೆ ಅಂತ ಎಲ್ಲರ ಲೆಕ್ಕ. ನಿಜವಾಗಿ ಮೇಲಿನಿಂದ ಎಳೆಯುತ್ತದೆ. ಮರಳಿನ ಚೀಲ ಇಟ್ಟವರದ್ದು ನೋಡಿದ್ದೇನೆ, ಚೀಲ ನಡುವೆ ಕೂತಿರುತ್ತದೆ, ಅಂಚು ಎದ್ದಿರುತ್ತದೆ. ಬಿಸಿಲಿಗೆ ಚೀಲ ಹರಿದು ಮರಳು ಮಳೆನೀರಿನ ಪೈಪಿಗೆ ತುಂಬಿಕೊಳ್ಳುವುದು ಬೇರೆ. ಹಗ್ಗ ಕಟ್ಟಿದರೆ ಒಂದು ಮಳೆಗಾಲಕ್ಕೆ ಸಡಿಲ.

ಈ ಎಳೆತವನ್ನು ಲೆವೆಲ್ ಪೈಪಿನಲ್ಲೇ (ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪು) ಅಳೆದೆ. ಬಣ್ಣದ ನೀರು ತುಂಬಿ, ಒಂದು ಬಾಯಿ ಮಾಡಿನ ಒಳಗೆ ಬಿಟ್ಟೆ, ಇನ್ನೊಂದನ್ನು ಅಂಚಿನ ಹತ್ತಿರ ಶೀಟಿಗೆ ಸಣ್ಣ ತೂತು ಕೊರೆದು ಅಡಿಯಿಂದ ಅಂಟಿಸಿದೆ. ಸಂಜೆಯ ಕಡಲಗಾಳಿಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಜೂನ್ ಗಾಳಿ ಬೀಸಿದಾಗ ತೂತಿನ ಕಡೆಯ ನೀರು ಇನ್ನೊಂದು ಕಡೆಗಿಂತ ಹತ್ತು ಹನ್ನೆರಡು ಮಿಲಿಮೀಟರ್ ಮೇಲೆದ್ದಿತು. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಕೆಜಿ ಎಳೆತ. ಚದರ ಮೀಟರ್ ಶೀಟಿನ ತೂಕವೇ ನಾಲ್ಕೈದು ಕೆಜಿ! ಅಂದರೆ ಐದು ಮಿಲಿಮೀಟರ್ ದಾಟಿದ ಮೇಲೆ ಶೀಟನ್ನು ಹಿಡಿದಿರುವುದು ಬರೀ ಸ್ಕ್ರೂ. ಕಡಲ ಕಡೆ ಮಾತ್ರ ತೆರೆದು ಉಳಿದ ಮೂರು ಬದಿಗೆ ಟಾರ್ಪಾಲು ಕಟ್ಟಿದಾಗ ಲೆಕ್ಕ ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಯಾಕೆಂದರೆ ಒಳಗೆ ನುಗ್ಗಿದ ಗಾಳಿಯೂ ಕೆಳಗಿನಿಂದ ಒತ್ತುತ್ತದೆ. ಹಿಂಬದಿ ಬಿಚ್ಚಿದೆ, ಇಳಿಯಿತು.

ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಕಟ್ಟಡದ ಮೇಲಿನ ಹೊರೆಗಳ ಭಾರತೀಯ ಮಾನಕ ಐಎಸ್ 875 ಮಂಗಳೂರಿಗೆ ಹೇಳುವ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಚದರ ಮೀಟರಿಗೆ ಸುಮಾರು 90 ಕೆಜಿ ಒತ್ತಡ. ಮೂಲೆಗಳಲ್ಲಿ ಎಳೆತ ಇದಕ್ಕಿಂತಲೂ ಜಾಸ್ತಿ.

ಹಳೇ ಕ್ಯಾಸೆಟ್ ಟೇಪಿನ ತುಂಡುಗಳನ್ನು ಶೀಟಿನ ಮೇಲೆ ಅಂಟಿಸಿಯೂ ನೋಡಿದೆ. ಗಾಳಿಗೆ ಎದುರಾದ ಅಂಚಿನಲ್ಲಿ ಅವು ಗಾಳಿ ಬಂದ ದಿಕ್ಕಿಗೇ ತಿರುಗಿ ಮಲಗುತ್ತವೆ, ಅಲ್ಲಿ ಗಾಳಿ ಸುಳಿ ಸುತ್ತುತ್ತದೆ. ಎಳೆತ ಜಾಸ್ತಿ ಇರುವುದೂ ಅಲ್ಲೇ.

ಹಾಗಾಗಿ ಸುತ್ತ ಮೂರಡಿ ಪಟ್ಟಿಯಲ್ಲಿ ಶೀಟಿನ ಪ್ರತಿ ಉಬ್ಬುಗೆರೆಗೂ ಸ್ಕ್ರೂ, ಅಗಲದ ವಾಷರ್ ಹಾಕುತ್ತೇನೆ, ಯಾಕೆಂದರೆ ಸ್ಕ್ರೂ ಕಿತ್ತು ಬರುವುದಕ್ಕಿಂತ ಅದರ ತಲೆಯ ಸುತ್ತ ಶೀಟು ಹರಿಯುವುದೇ ಹೆಚ್ಚು. ನಡುವೆ ಒಂದು ಬಿಟ್ಟು ಒಂದು ಉಬ್ಬುಗೆರೆಗೆ ಹಾಕಿದರೆ ಸಾಕು. ಅಂಚಿನ ಪರ್ಲಿನ್ (ಶೀಟು ಕೂರುವ ಅಡ್ಡಪಟ್ಟಿ) ನಾಲ್ಕಡಿ ಬದಲು ಎರಡೂವರೆ ಅಡಿಗೆ. ಸಾವಿರ ಚದರಡಿಗೆ ಎಂಟೊಂಬತ್ತು ಸಾವಿರ ಜಾಸ್ತಿ ಬೀಳುತ್ತದೆ, ಒಟ್ಟು ಕೆಲಸ ಎರಡು ಲಕ್ಷದ ಆಸುಪಾಸು. ನೆತ್ತಿಯಲ್ಲಿ ಗಾಳಿ ಹೊರಹೋಗಲು ಬಿಡುವ ಸಂದಿನ ಅಳತೆ ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಶೀಟು ಗಟ್ಟಿಯಾಗಿ ಹಿಡಿದಷ್ಟೂ ಎಳೆತವೆಲ್ಲ ಕಂಬದ ಬುಡಕ್ಕೆ ಹೋಗುತ್ತದೆ. ಪ್ಯಾರಾಪೆಟ್ ಗೋಡೆಗೇ ಬೋಲ್ಟ್ ಹಾಕಿ ಅನ್ನುವವರ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ, ಕೆಳಗಿನ ಪಿಲ್ಲರಿಗೇ ಕೊರೆದು ಆ್ಯಂಕರ್ ಹಾಕಬೇಕು.