ಊರಿನ ಮನೆ ಬಾಡಿಗೆಗೆ ಕೊಡುತ್ತೀರಾ? ತೆರಿಗೆ ಲೆಕ್ಕ ಹೀಗೆ ಹಾಕಿ

ಮಕ್ಕಳ ಶಾಲೆಗೆಂದು ಮಂಗಳೂರಿಗೆ ಬಂದಾಯಿತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ಮನೆಗೆ ಬೀಗ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಗಳದಲ್ಲಿ ಪಾಚಿ, ಮಾಡಿನ ಪಕ್ಕಾಸಿಗೆ ಗೆದ್ದಲು. ಬಾಡಿಗೆಗೆ ಕೊಟ್ಟರೆ ಮನೆ ಉಳಿಯುತ್ತದೆ, ಆದರೆ ತೆರಿಗೆ ಜಾಸ್ತಿ ಬಿದ್ದರೆ? ಲೆಕ್ಕ ಅಷ್ಟೇನೂ ಕಷ್ಟವಿಲ್ಲ.

ವರ್ಷದ ಬಾಡಿಗೆಯಿಂದ ಮೊದಲು ಕಳೆಯುವುದು ಪಂಚಾಯತಿನ ಕಟ್ಟಡ ತೆರಿಗೆ. ಇದನ್ನು ಮಾರ್ಚ್ 31ರೊಳಗೆ ನೀವೇ ಕಟ್ಟಿ, ರಶೀದಿ ಇಟ್ಟುಕೊಳ್ಳಿ. ಮೊದಲ ವರ್ಷ ನಾವು ಜಾಣರಾಗಲು ಹೋಗಿ, 'ಮನೆ ತೆರಿಗೆ ನೀವೇ ಕಟ್ಟಿಬಿಡಿ' ಎಂದು ಬಾಡಿಗೆಯವರಿಗೆ ಹೇಳಿದ್ದೆವು. ಆದಾಯ ತೆರಿಗೆ ರಿಟರ್ನ್ ತುಂಬುವಾಗ ಅದನ್ನು ಕಳೆಯಲು ಬರಲಿಲ್ಲ. ಮಾಲೀಕರು ಆ ವರ್ಷ ತಮ್ಮ ಕೈಯಿಂದ ಕಟ್ಟಿದ್ದಕ್ಕೆ ಮಾತ್ರ ಬೆಲೆ. ವಿಲೇಜ್ ಆಫೀಸಿನಲ್ಲಿ ಜಾಗಕ್ಕೆ ಕಟ್ಟುವ ತೀರ್ವೆ ಬೇರೆ. ಅದನ್ನು ಇಲ್ಲಿ ಸೇರಿಸಬೇಡಿ.

ಉಳಿದ ಮೊತ್ತದಲ್ಲಿ ಶೇ. 30 ಸುಮ್ನೆ ಕಳೆಯಬಹುದು. ಬಿಲ್ಲು ಬೇಡ, ಆದಾಯ ತೆರಿಗೆಯ ಹಳೆ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಸಿಗುತ್ತದೆ. ತಿಂಗಳಿಗೆ 12,000 ರೂಪಾಯಿ ಬಾಡಿಗೆ ಎಂದುಕೊಳ್ಳಿ, ವರ್ಷಕ್ಕೆ 1,44,000. ಕಟ್ಟಡ ತೆರಿಗೆ 2,400 ಹೋದರೆ 1,41,600. ಅದರ ಶೇ. 30 ಅಂದರೆ 42,480. ಆದಾಯಕ್ಕೆ ಸೇರುವುದು 99,120 ಮಾತ್ರ. ಹಂಚು ಬದಲಿಸಲು 80,000 ಸುರಿದಿದ್ದರೂ ಕಳೆಯುವುದು ಅದೇ 42,480. ಒಂದು ಮೊಳೆ ಹೊಡೆಯದಿದ್ದರೂ ಅಷ್ಟೇ! ಹಾಗಾಗಿ ರಿಪೇರಿ ಬಿಲ್ಲುಗಳನ್ನು ಹಿಡಿದು ಓಡಾಡಬೇಡಿ.

ಮನೆಗೆ ಸಾಲವಿದ್ದರೆ ಬಡ್ಡಿಯನ್ನೂ ಕಳೆಯಿರಿ. ಬಡ್ಡಿ ಬಾಡಿಗೆಯನ್ನು ಮೀರಿ ನಷ್ಟ ತೋರಿದರೆ, ಹಳೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಹೊಸದರಲ್ಲಿ ಅದಿಲ್ಲ. ಸಾಲ ದೊಡ್ಡದಿದ್ದವರು ಎರಡರಲ್ಲೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಬಾಡಿಗೆಯನ್ನು ಹೆಂಡತಿಯ ಖಾತೆಗೆ ಹಾಕಿಸಿದರೆ ತೆರಿಗೆ ಉಳಿಯುತ್ತದೆ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಉಳಿಯುವುದಿಲ್ಲ. ಮನೆ ಯಾರದೋ ತೆರಿಗೆ ಅವರದು. ಆದರೆ ದಾಖಲೆಯಲ್ಲಿ ಅಣ್ಣ ತಮ್ಮಂದಿರಿಬ್ಬರ ಹೆಸರಿದ್ದು ಪಾಲು ಸ್ಪಷ್ಟವಾಗಿದ್ದರೆ, ಒಬ್ಬೊಬ್ಬರು ತಮ್ಮ ಪಾಲಿನ ಬಾಡಿಗೆಯನ್ನಷ್ಟೇ ತೋರಿಸಿದರೆ ಸಾಕು.

ನಮ್ಮ ಕಡೆ ಮನೆಯೊಂದಿಗೆ ಅಡಕೆ ತೋಟವೂ ಇರುತ್ತದಲ್ವಾ? ಇಲ್ಲಿ ಜಾಗ್ರತೆ. 'ಮನೆ, ತೋಟ ಸೇರಿ ಇಷ್ಟು' ಎಂದು ಕರಾರು ಬರೆಸಬೇಡಿ. ಕೇರಳದ 1963ರ ಭೂಸುಧಾರಣೆ ಕಾಯ್ದೆ ಜಾಗವನ್ನು ಹೊಸದಾಗಿ ಗೇಣಿಗೆ ಕೊಡಲು ಬಿಡುವುದಿಲ್ಲ. ಮನೆಯನ್ನು ಮಾತ್ರ 11 ತಿಂಗಳಿಗೆ ಬರೆಸಿ. ಕೊಯ್ಲು ನಿಮ್ಮದೇ ಇರಲಿ. ಅಡಕೆಯ ದುಡ್ಡು ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ನೇರವಾಗಿ ಬೀಳುವುದಿಲ್ಲ. ಹಳೆ ಮನೆಯ ಕೀ ಕೊಡುವಾಗ ಅಡಕೆ ಒಣಗಿಸುವ ಅಂಗಳ ಯಾರ ಬಳಕೆಗೆ ಎಂದೂ ಬರೆಸಿಕೊಳ್ಳಿ. ನಮ್ಮಲ್ಲಿ ಜಗಳ ಶುರುವಾದದ್ದೇ ಅಲ್ಲಿಂದ.

ಮುಂಗಡ ವಾಪಸ್ ಕೊಡುವಂಥದ್ದಾದರೆ ಅದು ಆದಾಯವಲ್ಲ. ಬಾಡಿಗೆಗೆ ಮುರಿದುಕೊಂಡ ಭಾಗ ಮಾತ್ರ ಆದಾಯ.

ಮಾಲೀಕರು ಗಲ್ಫಿನಲ್ಲಿದ್ದು ಅನಿವಾಸಿಯಾಗಿದ್ದರೆ ಬಾಡಿಗೆಯವರು ಸಾಮಾನ್ಯವಾಗಿ ಶೇ. 30 ತೆರಿಗೆ ಮತ್ತು ಅದರ ಮೇಲಿನ ಸೆಸ್ (ಹೆಚ್ಚುವರಿ ಕರ) ಮುರಿದು ಸರ್ಕಾರಕ್ಕೆ ಕಟ್ಟಿ, ಉಳಿದದ್ದನ್ನು ಕೊಡಬೇಕು. ಬಾಡಿಗೆ ಚಿಕ್ಕದು ಎಂಬ ನೆಪ ನಡೆಯದು. ಭಾರತದಲ್ಲಿ ಬೇರೆ ಆದಾಯವಿಲ್ಲದವರು ರಿಟರ್ನ್ ಹಾಕಿದರೆ ಮುರಿದ ದುಡ್ಡು ಹೆಚ್ಚಾಗಿ ವಾಪಸ್ ಬರುತ್ತದೆ. ಅದಕ್ಕಾಗಿ ಮುರಿದದ್ದರ ಪ್ರಮಾಣಪತ್ರವನ್ನು ಬಾಡಿಗೆಯವರಿಂದ ಕೇಳಿ ತೆಗೆದಿಡಿ.