ಮೈನಸ್ 70 ಎಲ್ಲಿಂದ ಬಂತು? ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿದ ಅನುಭವ

ತುಮಕೂರಿನಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ನಾನು ಫಿಸಿಯಾಲಜಿ ಹೇಳಿಕೊಡುತ್ತೇನೆ. ನರಕೋಶ ಸುಮ್ನೆ ಇರುವಾಗಲೂ ಅದರೊಳಗೆ ಮೈನಸ್ 70 ಮಿಲಿವೋಲ್ಟ್ ಯಾಕಿರುತ್ತದೆ ಎಂದು ಕೇಳಿದರೆ, 'ಸೋಡಿಯಂ-ಪೊಟ್ಯಾಸಿಯಂ ಪಂಪ್ ಮೇಡಂ' ಅನ್ನುವವರೇ ಜಾಸ್ತಿ. ಪಂಪ್ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ, ನಿಜ. ಅದರಿಂದ ನೇರವಾಗಿ ಸಿಗುವುದು ಕೆಲವೇ ಮಿಲಿವೋಲ್ಟ್. ಒಳಗೆ ಪೊಟ್ಯಾಸಿಯಂ, ಹೊರಗೆ ಸೋಡಿಯಂ ಜಾಸ್ತಿ ಇರುವಂತೆ ನೋಡಿಕೊಳ್ಳುವುದೇ ಅದರ ದೊಡ್ಡ ಕೆಲಸ. ಉಳಿದದ್ದನ್ನು ತೀರ್ಮಾನಿಸುವುದು ಕೋಶದ ಪೊರೆ: ಯಾವ ಅಯಾನನ್ನು (ವಿದ್ಯುದಾವೇಶ ಇರುವ ಕಣವನ್ನು) ಎಷ್ಟು ಸಲೀಸಾಗಿ ಬಿಡುತ್ತದೆ ಅನ್ನುವುದು.

ಬಾಯಲ್ಲಿ ಹೇಳಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿಸುತ್ತೇನೆ.

ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಪೊಟ್ಯಾಸಿಯಂ ಒಳಗೆ 140, ಹೊರಗೆ 4. ಸೋಡಿಯಂ ಒಳಗೆ 12, ಹೊರಗೆ 145. ಹೊರಗಿನದನ್ನು ಒಳಗಿನದರಿಂದ ಭಾಗಿಸಿ, 10ರ ಲಾಗ್ ತೆಗೆದು, ದೇಹದ ಶಾಖಕ್ಕೆ ಹೊಂದುವ 61.5ರಿಂದ ಗುಣಿಸಬೇಕು. ಪೊಟ್ಯಾಸಿಯಂಗೆ ಮಾತ್ರ ದಾರಿ ಇದ್ದರೆ ಅದು ಹೊರಗೆ ಸೋರಿ, ಒಳಗೆ ಮೈನಸ್ 95 ಮಿಲಿವೋಲ್ಟ್ ಬರುತ್ತದೆ. ಸೋಡಿಯಂಗೆ ಮಾತ್ರ ಇದ್ದರೆ ಪ್ಲಸ್ 67. ಇದು ಎರಡೂ ಕಡೆಯವರ ಹಗ್ಗಜಗ್ಗಾಟ. ಯಾರ ಕೈಗೆ ಎಷ್ಟು ಬಲ ಅನ್ನುವುದನ್ನು ವಿಜ್ಞಾನಿ ಗೋಲ್ಡ್‌ಮನ್ 1943ರಲ್ಲಿ ಕೊಟ್ಟ ಸಮೀಕರಣ ಹೇಳುತ್ತದೆ. ಸೋಡಿಯಂ ಅಂಕಿಯನ್ನು ಅದರ ಅನುಪಾತದಿಂದ (ಪೊಟ್ಯಾಸಿಯಂಗೆ ಹೋಲಿಸಿದರೆ ಅದು ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಅಂಕಿಯಿಂದ) ಗುಣಿಸಿ ಪೊಟ್ಯಾಸಿಯಂ ಜೊತೆ ಕೂಡಿಸಿ, ಮೊದಲಿನಂತೆಯೇ ಲೆಕ್ಕ ಮುಂದುವರಿಸಿದರಾಯಿತು. ಇನ್ನೊಂದು ಅಯಾನಾದ ಕ್ಲೋರೈಡನ್ನು ಮೊದಲಿಗೆ ಬಿಟ್ಟುಬಿಡುತ್ತೇನೆ.

ವಿಜ್ಞಾನಿಗಳಾದ ಹಾಡ್ಜ್‌ಕಿನ್, ಕಾಟ್ಜ್ 1949ರಲ್ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ನರಕ್ಕೆ ಹೊಂದಿಸಿದ ಅನುಪಾತ, ಪೊಟ್ಯಾಸಿಯಂಗೆ 1, ಸೋಡಿಯಂಗೆ 0.04. ಅದನ್ನು ಹಾಕಿದಾಗ ಪರದೆ ಮೇಲೆ ಮೈನಸ್ 71 ಮೂಡುತ್ತದೆ. 0.04 ಅಳಿಸಿ 1 ಹಾಕಿಸುತ್ತೇನೆ. ವೋಲ್ಟೇಜ್ ಹತ್ತಿರಹತ್ತಿರ ಸೊನ್ನೆ! 20 ಹಾಕಿದರೆ ಪ್ಲಸ್ 54, ನರ ಸಿಡಿಯುವ, ಅಂದರೆ ಸಂಕೇತ ಕಳಿಸುವ ಗಳಿಗೆ. ಒಳಗಿನ ಹೊರಗಿನ ಅಂಕಿ ಒಂದನ್ನೂ ಮುಟ್ಟಿಲ್ಲ, ನೋಡಿ. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು.

'ಅಷ್ಟೊಂದು ಪೊಟ್ಯಾಸಿಯಂ ಹೊರಗೆ ಹೋದರೆ ಒಳಗೆ ಖಾಲಿಯಾಗಲ್ವಾ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದನ್ನೂ ಲೆಕ್ಕ ಹಾಕಿಸುತ್ತೇನೆ. 20 ಮೈಕ್ರೋಮೀಟರ್ ವ್ಯಾಸದ ದುಂಡನೆಯ ಕೋಶಕ್ಕೆ 70 ಮಿಲಿವೋಲ್ಟ್ ಬರಲು ಸುಮಾರು 55 ಲಕ್ಷ ಅಯಾನು ಸಾಕು. ಒಳಗಿರುವುದು ಸುಮಾರು 35,000 ಕೋಟಿ. 60 ಸಾವಿರಕ್ಕೆ ಒಂದೂ ಹೊರಗೆ ಹೋಗಬೇಕಿಲ್ಲ.

ತಿಪಟೂರು ಕಡೆಯ ಹುಡುಗಿಯೊಬ್ಬಳು ಕೇಳಿದಳು: 'ಕಿಡ್ನಿ ಪೇಷೆಂಟಿಗೆ ಎಳನೀರು ಬೇಡ ಅಂತಾರಲ್ಲ ಮೇಡಂ, ಇದಕ್ಕೇನಾ?' ಇದಕ್ಕೇ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟಿದ್ದರೆ ಅದು ರಕ್ತದಲ್ಲೇ ಉಳಿಯುತ್ತದೆ. ಹೃದಯದ ಸ್ನಾಯುಕೋಶದಲ್ಲಿ ಸೋಡಿಯಂ ದಾರಿ ಇನ್ನೂ ಕಿರಿದು, ಹಾಗಾಗಿ 0.01 ಹಾಕಿಸಿದೆ. ಮೈನಸ್ 87 ಬಂತು. ಹೊರಗಿನ 4 ಅನ್ನು 8 ಮಾಡು ಅಂದೆ. ಮೈನಸ್ 72. ಅಷ್ಟು ಏರಿ ಅಲ್ಲೇ ನಿಂತರೆ ಸೋಡಿಯಂ ಚಾನೆಲ್‌ಗಳು (ಪೊರೆಯಲ್ಲಿ ಸೋಡಿಯಂ ದಾಟುವ ಬಾಗಿಲುಗಳು) ಮಂಕಾಗುತ್ತವೆ, ಬಡಿತದ ಲಯ ತಪ್ಪುತ್ತದೆ.

ಹಾಗಾದರೆ ವಾರ್ಡಿನಲ್ಲಿ ಪೊಟ್ಯಾಸಿಯಂ ಏರಿದವರಿಗೆ ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡುವುದು ಯಾಕೆ ಎಂದು ಅವಳೇ ಮತ್ತೆ ಕೇಳಿದಳು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಮೈನಸ್ 72 ಹಾಗೇ ಇರುತ್ತದೆ. ಕೋಶ ಸಿಡಿಯುವ ಮಟ್ಟವನ್ನು ಮೇಲಕ್ಕೆ ಸರಿಸಿ, ಪೊಟ್ಯಾಸಿಯಂ ಇಳಿಸುವ ಚಿಕಿತ್ಸೆಗೆ ಸಮಯ ಕೊಡುತ್ತದೆ.